ಒಂಬತ್ತು ಸಿಂಹ

ಬಾಯಿಗೆ ನೀರು ಬಿಡುವವರ ಸಾಲಿನಲ್ಲಿ ಮಹಾಲಿಂಗ ಮಾಸ್ಟ್ರು ಹನ್ನೊಂದನೆಯವರಾಗಿ ನಿಂತರು. ಬೇಕೆಂದು ಎಣಿಸಿದ್ದಲ್ಲ. ಮೂವತ್ತೈದು ವರ್ಷ ಲೆಕ್ಕ ಕಲಿಸಿದವರಿಗೆ ಹೆಣದ ಮುಂದೆಯೂ ತಲೆ ಎಣಿಸುವ ಚಾಳಿ ಬಿಡುವುದಿಲ್ಲ.

ಅಂಗಳದ ನಡುವೆ ಚಾಪೆಯ ಮೇಲೆ ಧರ್ಮಪಾಲ ಮಲಗಿದ್ದ. ಮೂವತ್ತು ವರ್ಷದ ಗಟ್ಟಿ ಆಳು, ಮರದ ಡಿಪೋದಲ್ಲಿ ದಿಮ್ಮಿ ಅಳೆಯುವ ಕೆಲಸದವನು. ನಿನ್ನೆ ಬೆಳಿಗ್ಗೆ ಗಂಜಿ ಉಂಡು ಇಚಿಲಂಪಾಡಿಯ ಈ ಮನೆಯಿಂದ ಹೊರಟವನು ಹನ್ನೊಂದು ಗಂಟೆಯ ಹೊತ್ತಿಗೆ ಪುತ್ತೂರಿನ ದಾರಿಯಲ್ಲಿ, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ, ಉಸಿರು ಬಿಟ್ಟಿದ್ದ.

ಮಾಸ್ಟ್ರ ಹಿಂದೆ ನಿಂತ ಇಬ್ಬರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

“ಹಾವು ಮುಟ್ಟಿದ್ದು ಹೌದಂತಾ?”

“ಹೌದಂತೆ. ಕಾಲಲ್ಲಿ ಗುರುತೇ ಇಲ್ಲ ಮಾರಾಯ. ದಿಮ್ಮಿಯ ಅಡಿಯಲ್ಲಿ ಎಂತದೋ ಮುಟ್ಟಿದ ಹಾಗಾಯ್ತು, ಕಪ್ಪು ಮೈ, ಬಿಳಿ ಪಟ್ಟಿ ಇತ್ತು ಅಂತ ಅವನೇ ಹೇಳಿದನಂತೆ. ಯಾರು ನಂಬುದು? ಒಂಬತ್ತು ಸಿಂಹ ಅಲ್ವಾ ಅವನು?”

“ಹಾಂ, ಅದೂ ಹೌದು.”

ಊರ ಬಾಯಿಗೆ ಮುಚ್ಚಳ ಇಲ್ಲ. ಆ ಕಡೆ ಯಾರಾದರೂ ಹೊಳೆಯಲ್ಲಿ ಮಾರುದ್ದದ ಮೀನು ಹಿಡಿದೆನೆಂದರೆ, ಹಂದಿಯನ್ನು ಬರಿಗೈಯಲ್ಲಿ ಓಡಿಸಿದೆನೆಂದರೆ, ಕೇಳುವವರು “ಒಂಬತ್ತು ಸಿಂಹ ಹೇಳ್ಬೇಡ” ಎನ್ನುತ್ತಿದ್ದರು. ಸುಳ್ಳಿಗೆ ಅದೊಂದು ಹೆಸರು. ಆ ಹೆಸರು ಧರ್ಮಪಾಲನಿಂದ ಬಂದದ್ದೆಂದು ಎಲ್ಲರಿಗೂ ಗೊತ್ತಿತ್ತು. ಧರ್ಮಪಾಲನಿಗೆ ಅದು ಎಲ್ಲಿಂದ ಬಂತೆಂಬುದನ್ನು ಮಾತ್ರ ಹೆಚ್ಚಿನವರು ಮರೆತಿದ್ದರು. ಮಾಸ್ಟ್ರು ಮರೆತಿರಲಿಲ್ಲ. ಕೊಟ್ಟವರೇ ಅವರು.

ಇವತ್ತು ಹೆಣ ಎತ್ತುವ ಮೊದಲು ಎಲ್ಲರೆದುರು ನಿಂತು ಒಂದು ಮಾತು ಹೇಳಿಬಿಡಬೇಕು, ಈ ಹುಡುಗ ಸುಳ್ಳು ಹೇಳಿದವನಲ್ಲ, ಸುಳ್ಳಾದದ್ದು ನಾನು ಎಂದು. ಇಷ್ಟೇ. ಪುತ್ತೂರಿನಿಂದ ಬರುವಾಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಹೊತ್ತು ಮೀರಿದರೆ ಅವನು ಆ ಹೆಸರನ್ನು ಹೊತ್ತುಕೊಂಡೇ ಸುಟ್ಟುಹೋಗುತ್ತಾನೆ.

ಸರದಿ ಬಂತು. ಮಾಸ್ಟ್ರು ಕುಕ್ಕರಗಾಲಲ್ಲಿ ಕೂತು ತುಳಸಿ ಎಲೆಯಿಂದ ನೀರು ಬಿಟ್ಟರು. ನೀರು ತುಟಿಯ ಅಂಚಿನಿಂದ ಜಾರಿ ಕಿವಿಯ ಕಡೆ ಹರಿಯಿತು. ‘ನೀನು ಬರೆದದ್ದು ಸರಿ ಇತ್ತು’ ಎಂದು ಆ ಕಿವಿಗಾದರೂ ಹೇಳಬೇಕೆಂದು ಬಗ್ಗಿದರು. ಹಿಂದಿನವನು ಕೆಮ್ಮಿದ. ಅವರು ಎದ್ದುಬಿಟ್ಟರು.

“ಸರ್, ಈ ಬಿಸಿಲಿಗೆ ನೀವು ಬಂದದ್ದಾ?” ಎನ್ನುತ್ತ ಚೆನ್ನಕೇಶವ ಓಡಿಬಂದು ಕೈ ಹಿಡಿದುಕೊಂಡ. ಧರ್ಮಪಾಲನ ಸಹಪಾಠಿ, ಈಗ ಡಿಪೋದ ಎದುರು ಅವನದೇ ಹೋಟೆಲು. ಹೊಟ್ಟೆ ಬಂದಿತ್ತು, ಕೈಗೆ ಗಡಿಯಾರ ಬಂದಿತ್ತು. “ನಮ್ಮ ಕ್ಲಾಸಿನವ ಸರ್. ಎಂತ ಮಾಡುದು, ವಿಧಿ.”

“ವಿಧಿಯಾ?” ಎಂದರು ಮಾಸ್ಟ್ರು.

*

ಸಾವಿರದ ಒಂಬೈನೂರ ಐವತ್ತನಾಲ್ಕು. ಆಗ ಅವರು ಕಲಿಸುತ್ತಿದ್ದ ಹೈಸ್ಕೂಲಿನ ಪಾಠಪಟ್ಟಿಯಲ್ಲಿ ಇದ್ದದ್ದು ಸರಾಸರಿ, ನಕ್ಷೆ, ಅಷ್ಟೇ. ಸಂಭವದ ಲೆಕ್ಕ ಇರಲಿಲ್ಲ. ಅದು ಮಾಸ್ಟ್ರ ಸ್ವಂತ ಹುಚ್ಚು. ಎಲ್ಲಿಂದಲೋ ತರಿಸಿದ ಒಂದು ಪುಸ್ತಕದ ಮೊದಲ ಅಧ್ಯಾಯ ಓದಿ, ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಅದನ್ನೇ ಬೋಧಿಸುತ್ತಿದ್ದರು. ಎರಡನೆಯ ಅಧ್ಯಾಯ ಓದಿರಲಿಲ್ಲ. ಅರ್ಧ ಓದಿದವನ ಗತ್ತು ಪೂರ್ತಿ ಓದಿದವನಿಗೆ ಎಲ್ಲಿಂದ ಬರಬೇಕು!

“ಆಣೆ ಹಾರಿಸಿದರೆ ಒಂದು ಬದಿ ಸಿಂಹ, ಇನ್ನೊಂದು ಬದಿ ಬಸವ. ಅರ್ಧ ಸಲ ಅದು, ಅರ್ಧ ಸಲ ಇದು. ನೀವೇ ಮಾಡಿ ನೋಡಿ. ಸೋಮವಾರ ಬರುವಾಗ ಇನ್ನೂರು ಸಲ ಹಾರಿಸಿ ಬರೆದು ತರಬೇಕು. ಸಾಲಿಗೆ ಇಪ್ಪತ್ತರ ಹಾಗೆ ಹತ್ತು ಸಾಲು.”

ಮೂವತ್ತೆಂಟು ಮಕ್ಕಳು ಮೂವತ್ತೆಂಟು ಪಟ್ಟಿ ತಂದರು. ಚೆನ್ನಕೇಶವನದು ಮುತ್ತು ಪೋಣಿಸಿದ ಹಾಗಿತ್ತು. ಸಿಂಹ ನೂರು, ಬಸವ ನೂರು. ಎಲ್ಲಿಯೂ ಒಂದೇ ಬದಿ ಮೂರಕ್ಕಿಂತ ಹೆಚ್ಚು ಸಾಲಾಗಿ ಬಿದ್ದದ್ದಿಲ್ಲ. ಮಾಸ್ಟ್ರು ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟು ಗೋಡೆಗೆ ಅಂಟಿಸಿದರು. ಧರ್ಮಪಾಲನ ಪಟ್ಟಿಯ ಏಳನೆಯ ಸಾಲಿಗೆ ಬಂದಾಗ ಅವರ ಕೆಂಪು ಪೆನ್ಸಿಲು ನಿಂತಿತು. ಸಿಂಹ, ಸಿಂಹ, ಸಿಂಹ... ಒಂಬತ್ತು.

“ಇದೆಂತದಾ, ನಾಣ್ಯವಾ ಸಿಂಹದ ಗುಹೆಯಾ?”

ಕ್ಲಾಸು ಗೊಳ್ಳೆಂದಿತು. ಧರ್ಮಪಾಲ ಎದ್ದು ನಿಂತ. ಮಾತು ಕಡಿಮೆಯ ಹುಡುಗ.

“ಬಿದ್ದದ್ದೇ ಹಾಗೆ ಸರ್.”

“ಒಂಬತ್ತು ಸಲ ಸಾಲಾಗಿ?”

“ನನಗೂ ಆಶ್ಚರ್ಯ ಆಯ್ತು ಸರ್. ಹಾಗಂತ ಬೇರೆ ಬರೆಯುದು ಹೇಗೆ?”

ಆ ಮಾತು ಮಾಸ್ಟ್ರಿಗೆ ನಾಟಿತು, ತಪ್ಪು ಕಡೆಯಿಂದ. ಎದುರುತ್ತರ ಎಂದೆಣಿಸಿದರು. “ಹಾಗಾದ್ರೆ ಬಾ. ಇಲ್ಲಿ ಹಾರಿಸಿ ತೋರಿಸು, ನೋಡುವ.”

ಹುಡುಗ ಕಿಸೆಯಿಂದ ಅದೇ ಒಂದಾಣೆಯನ್ನು ತೆಗೆದು ಹಾರಿಸಿದ. ಸಿಂಹ. ಮತ್ತೆ ಹಾರಿಸಿದ. ಬಸವ. ಹಿಂದಿನ ಬೆಂಚಿನಿಂದ ಚೆನ್ನಕೇಶವ, “ಸಿಂಹ ಒಂದೇ ಸಾಕಾಯ್ತಾ, ಒಂಬತ್ತು ಸಿಂಹ?” ಎಂದು ಕೂಗಿದ. ಹೆಸರು ಹುಟ್ಟಿದ್ದು ಅಲ್ಲಿ. ಮಾಸ್ಟ್ರು ಗದರಿಸಬೇಕಿತ್ತು, ನಕ್ಕರು.

ಬೆತ್ತದಲ್ಲಿ ಆರು ಬಿದ್ದವು. ಅಷ್ಟಕ್ಕಾದರೂ ಮುಗಿಸಬಹುದಿತ್ತು. “‘ನಾನು ಸುಳ್ಳು ಬರೆದೆ’ ಅಂತ ಬರೆದು ಸಹಿ ಹಾಕು, ಕ್ಲಾಸಿಗೆ ಸೇರಿಸ್ತೇನೆ” ಎಂದರು. ಹುಡುಗ ಬರೆಯಲಿಲ್ಲ. ಮೂರು ದಿನ ಬಾಗಿಲ ಹೊರಗೆ ನಿಂತ, ಆದರೂ ಬರೆಯಲಿಲ್ಲ. ನಾಲ್ಕನೆಯ ದಿನ ಅಪ್ಪ ಕುಕ್ಕಪ್ಪ ಗೌಡರನ್ನು ಕರೆಸಿದರು. ಕುಕ್ಕಪ್ಪ ಗೌಡರಿಗೆ ಆಣೆಯ ಲೆಕ್ಕವೂ ಗೊತ್ತಿಲ್ಲ, ಅಧ್ಯಾಯವೂ ಗೊತ್ತಿಲ್ಲ. ಮಾಸ್ಟ್ರೆಂದರೆ ದೇವರೆಂಬುದು ಗೊತ್ತಿತ್ತು. ಶಾಲೆಯ ಜಗಲಿಯಲ್ಲೇ ಮಗನ ಕೆನ್ನೆಗೆ ಎರಡು ಬಿಗಿದರು.

“ಮಾಸ್ಟ್ರು ಸುಳ್ಳು ಹೇಳ್ತಾರಾ? ಅವರು ಓದಿದವರು! ಬರಿ!”

ಧರ್ಮಪಾಲ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದ. ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಸರ್ಟಿಫಿಕೇಟಿನ ನಡತೆಯ ಕಾಲಮ್ಮಿನಲ್ಲಿ ‘ಸುಳ್ಳು ಹೇಳುವ ಸ್ವಭಾವ’ ಎಂದು ಬರೆದವರೂ ಮಹಾಲಿಂಗ ಮಾಸ್ಟ್ರೇ. ದುಂಡಗಿನ ಅಕ್ಷರ, ಕೆಳಗೆ ಸಹಿ. ಅದನ್ನು ಹಿಡಿದುಕೊಂಡು ಹೋದವನಿಗೆ ಕಡೆಗೆ ಸಿಕ್ಕಿದ್ದು ಮರದ ಡಿಪೋ. ಅಲ್ಲಿಯೂ ಅವನು ಅಳೆದ ದಿಮ್ಮಿಯನ್ನು ಇನ್ನೊಬ್ಬ ಮತ್ತೊಮ್ಮೆ ಅಳೆಯುತ್ತಿದ್ದ. ಹದಿಮೂರು ವರ್ಷ ಅವನ ಟೇಪಿನ ಹಿಂದೆ ಇನ್ನೊಂದು ಟೇಪು ಓಡಿತು. ಒಂದು ಸಲವೂ ಎರಡು ಅಳತೆಗೆ ವ್ಯತ್ಯಾಸ ಬಂದದ್ದಿಲ್ಲವಂತೆ. ಹಾಗಂತ ಎರಡನೆಯ ಟೇಪನ್ನು ಯಾರೂ ನಿಲ್ಲಿಸಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುವುದು ಸುಮ್ಮನೆ ಅಲ್ಲ.

*

ಅಂಗಳದ ಮೂಲೆಯಲ್ಲಿ, ತನ್ನ ಕಾರಿನ ಬದಿಯಲ್ಲಿ, ಅಬೂಬಕರ್ ತಲೆಗೆ ಕೈಕೊಟ್ಟು ಕೂತಿದ್ದ. ಅವನೂ ಅದೇ ಕ್ಲಾಸಿನವನು. ನಿನ್ನೆ ಧರ್ಮಪಾಲನನ್ನು ಕರೆದುಕೊಂಡು ಹೊರಟದ್ದು ಅವನ ಕಾರಿನಲ್ಲಿ. ಇವತ್ತು ಬೆಳಿಗ್ಗೆ ಪುತ್ತೂರಿಗೆ ಬಂದು ಮಾಸ್ಟ್ರನ್ನು ಕರೆತಂದದ್ದೂ ಅವನೇ. ದಾರಿಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದ್ದ.

“ಹೋಟ್ಲಿನಲ್ಲಿ ನಾನು ಚಾ ಕುಡೀತಾ ಇದ್ದೆ ಸರ್. ಇವ ನಡ್ಕೊಂಡೇ ಬಂದ. ‘ಅಬೂಬಕರ್, ಹಾವು ಮುಟ್ಟಿದೆ, ಪುತ್ತೂರಿಗೆ ಕಾರು ತೆಗಿ’ ಅಂದ. ನಾನು ಎದ್ದೆ, ಸುಳ್ಳಲ್ಲ. ಚೆನ್ನಕೇಶವ ಬಂದು ಕಾಲು ನೋಡಿದ. ಗುರುತೇ ಇಲ್ಲ, ಆ ಪಟ್ಟಿ ಹಾವು ಕಚ್ಚಿದ್ರೆ ಗುರುತು ಕಾಣುದಿಲ್ಲ ಅಂತ ನಮಗೆ ಆಗ ಗೊತ್ತಿಲ್ಲ. ‘ಎಷ್ಟು ಹಾವು ಮಾರಾಯ, ಒಂಬತ್ತಾ?’ ಅಂದ. ಇದ್ದವರೆಲ್ಲ ನಗಾಡಿದ್ರು. ನನಗೆ ‘ನೀನು ಚಾ ಕುಡಿ’ ಅಂದ. ನಾನು ಕೂತೆ ಸರ್. ಕೂತುಬಿಟ್ಟೆ. ಒಂದು ಗಂಟೆ ಆಗಿರ್ಬೇಕು. ಇವನ ರೆಪ್ಪೆ ಎಳೀಲಿಕ್ಕೆ ಶುರುವಾಯ್ತು, ನಾಲಗೆ ಹೊರಳ್ತಾ ಇಲ್ಲ. ‘ಬೆಳಿಗ್ಗೆಯೇ ಹಾಕಿದ್ದಾನೆ’ ಅಂದ ಒಬ್ಬ. ಅವ ಕುಡಿಯುವವನೇ ಅಲ್ಲ! ಕಡೆಗೆ ನಾನೇ ಎತ್ತಿ ಕಾರಿಗೆ ಹಾಕಿದೆ.”

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದ್ದ.

“ಇನ್ನೊಂದು ಹೇಳ್ಲಾ ಸರ್? ಆವತ್ತು ನಾನು ಆಣೆ ಹಾರಿಸ್ಲೇ ಇಲ್ಲ. ಮನಸ್ಸಿಗೆ ಬಂದದ್ದು ಬರೆದದ್ದು. ಚೆನ್ನಕೇಶವನೂ ಹಾಗೆಯೇ. ಯಾರೂ ಹಾರಿಸಿದ್ದಿಲ್ಲ. ಅವನೊಬ್ಬನೇ.”

ಗೊತ್ತು ಎಂದು ಮಾಸ್ಟ್ರು ಹೇಳಲಿಲ್ಲ. ಐದು ವರ್ಷದಿಂದ ಅವರಿಗೆ ಗೊತ್ತಿತ್ತು.

ಈಗ ಬಿಸಿಲು ತಾಳಲಾರದೆ ಮಾಸ್ಟ್ರು ಜಗಲಿ ಹತ್ತಿದರು. ಕುತ್ತಿಗೆ ತಿರುಗಿಸಿದಾಗ ಗೋಡೆ ಕಂಡಿತು. ಸುಣ್ಣದ ಗೋಡೆಯ ಮೇಲೆ, ಕೂತವರ ಕೈಗೆ ಎಟಕುವ ಎತ್ತರದಲ್ಲಿ, ಮಸಿಯಿಂದ ಎಳೆದ ಗುರುತುಗಳು. ಸಿಂಹಕ್ಕೆ ಸೊನ್ನೆ, ಬಸವನಿಗೆ ಗೀಟು. ಸಾಲಿಗೆ ಇಪ್ಪತ್ತು. ಮಾಸ್ಟ್ರು ಕನ್ನಡಕ ಏರಿಸಿ ಎಣಿಸಿದರು. ಐವತ್ತೊಂದು ಸಾಲು. ಐವತ್ತೊಂದನೆಯ ಸಾಲಿನ ಕೊನೆಯಲ್ಲಿ ಒಂಬತ್ತು ಸೊನ್ನೆ, ಒಂದಕ್ಕೊಂದು ತಾಗಿಕೊಂಡು ಕೂತಿದ್ದವು.

ಹೆಂಗಸರು ಶೀಲಾವತಿಯನ್ನು ಒಂದು ಗಳಿಗೆ ಅಂಗಳದಿಂದ ಎಬ್ಬಿಸಿ ತಂದು ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿದರು. ಧರ್ಮಪಾಲನ ಹೆಂಡತಿ, ಮದುವೆಯಾಗಿ ನಾಲ್ಕು ವರ್ಷ. ಅಳು ಮುಗಿದ ಮುಖ. ಅವಳು ಮಾಸ್ಟ್ರನ್ನು ನೋಡಿದಳು, ಅವರ ಬೆರಳು ಗೋಡೆಯ ಮೇಲೆ ಇದ್ದದ್ದನ್ನೂ ನೋಡಿದಳು.

“ನೀವು ಲೆಕ್ಕದ ಮಾಸ್ಟ್ರಾ?”

“ಹೌದಮ್ಮ.”

“ಬರೆದದ್ದು ನಾನು. ಹಾರಿಸಿದ್ದು ಅವರು.” ಶೀಲಾವತಿಯ ದನಿಯಲ್ಲಿ ಏರಿಳಿತವಿರಲಿಲ್ಲ. “ಮದುವೆಯಾಗಿ ಬಂದಾಗ ಎಲ್ಲರೂ ಒಂಬತ್ತು ಸಿಂಹದ ಹೆಂಡತಿ ಅಂತ ಹೇಳ್ತಿದ್ರು. ಎಂತ ಅದು ಅಂತ ಕೇಳಿದೆ. ಹೇಳಿದ್ರು. ಹಾಗಾದ್ರೆ ನನ್ನೆದುರು ಹಾರಿಸಿ, ನಾನು ನೋಡ್ತೇನೆ ಅಂದೆ. ದಿನಾ ದೀಪ ಹಚ್ಚುವ ಮೊದಲು ಇಪ್ಪತ್ತು ಸಲ. ಅವರಿಗೆ ಬೇಸರ ಬಂದ್ರೂ ನಾನು ಬಿಡ್ತಿರ್ಲಿಲ್ಲ. ಐವತ್ತೊಂದನೇ ದಿನ ಬಿತ್ತು. ಒಂಬತ್ತು ಆದ ಮೇಲೆ ಜೋರಾಗಿ ಅತ್ತುಬಿಟ್ರು. ನಾನು ನೋಡಿದ್ದೇನೆ ಮಾಸ್ಟ್ರೆ. ನನ್ನ ಕಣ್ಣಲ್ಲಿ.”

“ಊರವರಿಗೆ...”

“ತೋರಿಸಿದೆವು. ಗಂಡ ಹೆಂಡತಿ ಸೇರಿ ಗೋಡೆಗೆ ಮಸಿ ಬಳೀತಾರೆ ಅಂತ ನಗಾಡಿದ್ರು. ಮಾವನವರು ತಿರುಗಿಯೂ ನೋಡ್ಲಿಲ್ಲ. ‘ಮಾಸ್ಟ್ರು ಒಬ್ರು ನೋಡಿದ್ರೆ ಸಾಕು’ ಅಂತ ಅವರು ಪುತ್ತೂರಿಗೆ ಹೋದ್ರು. ನೀವು ಸಿಕ್ಲಿಲ್ಲ ಅಂತ ಬಂದ್ರು.”

ಮಾಸ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

*

ಅರವತ್ತಮೂರರ ಬೇಸಿಗೆಯಲ್ಲಿ ಮಂಗಳೂರಿನಲ್ಲಿ ಲೆಕ್ಕದ ಮಾಸ್ಟ್ರುಗಳಿಗೆ ಹದಿನೈದು ದಿನದ ತರಬೇತಿ. ಕಲಿಸಲು ಬಂದವನು ಕೃಷ್ಣಮೋಹನ ಎಂಬ ಎಳೆಯ ಲೆಕ್ಚರರು. ಮೀಸೆ ಸರಿಯಾಗಿ ಮೂಡದವನು ಮೂವತ್ತು ಮಂದಿ ತಲೆನರೆತ ಮಾಸ್ಟ್ರುಗಳ ಕೈಗೆ ಒಂದೊಂದು ನಾಣ್ಯ ಕೊಟ್ಟು, “ಇನ್ನೂರು ಸಲ ಹಾರಿಸಿ, ಬರೀರಿ” ಎಂದ. ಮಾಸ್ಟ್ರು ಜೀವಮಾನದಲ್ಲಿ ಮೊದಲ ಸಲ ಹಾರಿಸಿದರು. ಅಲ್ಲಿಯವರೆಗೆ ಮಕ್ಕಳಿಂದ ಹಾರಿಸಿದ್ದರೇ ಹೊರತು ತಾವು ಹಾರಿಸಿರಲಿಲ್ಲ.

ಅವರಿಗೆ ಎಂಟು ಸಾಲಾಗಿ ಬಿತ್ತು. ಪಕ್ಕದವರಿಗೆ ಹತ್ತು.

“ಸಿಂಹವೇ ಒಂಬತ್ತು ಸಾಲಾಗಿ ಬಿದ್ದರೆ?” ಎಂದು ಮಾಸ್ಟ್ರು ಕೇಳಿದರು. ಕೃಷ್ಣಮೋಹನ ನಕ್ಕು ಹೇಳಿದ. “ಹಾರಿಸದೆ ಕೂತಲ್ಲೇ ಬರೆದವರನ್ನು ಹಿಡಿಯುದು ಬಹಳ ಸುಲಭ. ಅವರ ಪಟ್ಟಿಯಲ್ಲಿ ಉದ್ದದ ಸಾಲು ಇರುದೇ ಇಲ್ಲ. ನಾಲ್ಕು ಬಂದ ಕೂಡ್ಲೇ ಹೆದರಿ ಬದಿ ಬದಲಾಯಿಸ್ತಾರೆ. ನಾಣ್ಯಕ್ಕೆ ಹೆದರಿಕೆ ಇಲ್ಲ. ಇನ್ನೂರರಲ್ಲಿ ಆರು ಸಾಲಾಗಿ ಬೀಳದಿದ್ರೇ ಸಂಶಯ ಪಡ್ಬೇಕು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಐದಾರು ಜನಕ್ಕಾದ್ರೂ ಒಂಬತ್ತು ಸಿಂಹ ಬೀಳ್ಬೇಕು. ಒಬ್ಬನೇ ಕೂತು ಒಂಬತ್ತು ಬೀಳುವವರೆಗೆ ಹಾರಿಸ್ತೇನೆ ಅಂದ್ರೆ, ಸರಾಸರಿ ಸಾವಿರದ ಮೇಲೆ ಇಪ್ಪತ್ತು ಸಲ.”

ಉಳಿದವರು ಬರೆದುಕೊಂಡರು. ಮಹಾಲಿಂಗ ಮಾಸ್ಟ್ರ ಕೈ ಓಡಲಿಲ್ಲ. ಗೋಡೆಗೆ ಅಂಟಿಸಿದ ಚೆನ್ನಕೇಶವನ ಪಟ್ಟಿ, ಬಾಗಿಲ ಹೊರಗೆ ಮೂರು ದಿನ ನಿಂತ ಹುಡುಗ, ದುಂಡಗಿನ ಅಕ್ಷರದ ಸರ್ಟಿಫಿಕೇಟು, ಎಲ್ಲವೂ ಒಟ್ಟಿಗೆ ಎದುರು ಬಂದವು. ಮರಳಿ ಹೋದ ಕೂಡಲೇ ಅವನನ್ನು ಕಂಡು ಹೇಳಬೇಕು ಎಂದುಕೊಂಡರು. ಮೊದಲ ವಾರ ಜ್ವರ. ಆಮೇಲೆ ಶಾಲೆ ಶುರುವಾಯಿತು. ಆಮೇಲೆ ಹೇಗೆ ಹೇಳುವುದೆಂಬ ನಾಚಿಕೆ. ನಾಚಿಕೆಗೆ ವರ್ಷ ತುಂಬಿದರೆ ಅದು ಹೇಡಿತನವಾಗುತ್ತದೆ. ಮಾಸ್ಟ್ರಿಗೆ ಎರಡು ವರ್ಷ ತುಂಬಿತು.

ಆಗ, ಅರವತ್ತೈದರ ಒಂದು ಆದಿತ್ಯವಾರ, ಧರ್ಮಪಾಲ ಪುತ್ತೂರಿನ ಮನೆಗೆ ಬಂದ. ಬಿಳಿ ಅಂಗಿ, ಕೈಯಲ್ಲಿ ಒಂದು ಬಾಳೆಗೊನೆ. ಗೇಟಿನಲ್ಲಿ ಅವನನ್ನು ಕಂಡ ಮಾಸ್ಟ್ರು ಒಳಕೋಣೆಗೆ ನುಗ್ಗಿ ಹೆಂಡತಿಯ ಕೈಲಿ, “ಇಲ್ಲ ಅಂತ ಹೇಳು” ಎಂದರು. ಬೈಯಲು ಬಂದಿದ್ದಾನೆ ಎಂದೆಣಿಸಿದ್ದರು.

“ಬರುವವರೆಗೆ ಕೂತ್ಕೊಳ್ತೇನಮ್ಮ. ಕಡೇ ಬಸ್ಸು ಐದೂವರೆಗೆ” ಎಂದ ಅವನು.

ಊಟದ ಹೊತ್ತಿನಿಂದ ಐದರವರೆಗೆ ಅವನು ಜಗಲಿಯ ಬೆಂಚಿನಲ್ಲಿ, ಇವರು ಬಾಗಿಲ ಹಿಂದೆ. ಕೆಮ್ಮು ಬಂತು; ಬಾಯಿಗೆ ಬಟ್ಟೆ ತುರುಕಿ ನುಂಗಿದರು. ಹೋಗುವಾಗ ಅವನು ಹೇಳಿದ್ದು ಬಾಗಿಲ ಸಂದಿನಿಂದ ಸ್ಪಷ್ಟವಾಗಿ ಕೇಳಿಸಿತು.

“ಒಂಬತ್ತು ಬಿದ್ದಿದೆ ಅಂತ ಹೇಳಿ ಅಮ್ಮ. ಗೋಡೆಯಲ್ಲಿ ಬರೆದಿಟ್ಟಿದ್ದೇವೆ. ಸರ್‌ಗೆ ಪುರುಸೊತ್ತು ಆದಾಗ ಒಮ್ಮೆ ಬಂದು ನೋಡ್ಲಿ. ನಾವು ಸುಣ್ಣ ಬಳಿಯುದಿಲ್ಲ.”

ಮೂರು ವರ್ಷ ಮಾಸ್ಟ್ರಿಗೆ ಪುರುಸೊತ್ತಾಗಲಿಲ್ಲ. ಆ ಗೋಡೆ ಮಾತ್ರ ಸುಣ್ಣ ಕಾಣದೆ ಕಾದಿತ್ತು. ಇವತ್ತು ಎಣಿಸಿದರೆ ಐವತ್ತೊಂದು ಇಪ್ಪತ್ತಲ್ಲಿ ಸಾವಿರದ ಇಪ್ಪತ್ತು. ಕೃಷ್ಣಮೋಹನ ಹೇಳಿದಷ್ಟೇ. ಒಂದು ಹೆಚ್ಚಿಲ್ಲ, ಕಮ್ಮಿಯಿಲ್ಲ.

*

“ಹೊತ್ತಾಯ್ತು, ಎತ್ತುವ” ಎಂದು ಯಾರೋ ಅಂದರು. ಬಿದಿರಿನ ಚಟ್ಟ ಬಂತು. ಗದ್ದೆಯ ಆಚೆ ಮಾವಿನ ಕಟ್ಟಿಗೆ ಒಟ್ಟಿ ಆಗಿತ್ತು.

ಮಾಸ್ಟ್ರು ಜಗಲಿಯಿಂದ ಇಳಿದು ಚಟ್ಟಕ್ಕೆ ಅಡ್ಡ ನಿಂತರು.

“ಒಂದು ಮಾತು ಉಂಟು. ಎಲ್ಲರೂ ಕೇಳಬೇಕು. ಈ ಧರ್ಮಪಾಲ ಆವತ್ತು ಸುಳ್ಳು ಬರೆದಿರಲಿಲ್ಲ. ಒಂಬತ್ತು ಸಲ ಸಿಂಹ ಬಿದ್ದದ್ದು ನಿಜ. ಹಾಗೆ ಬೀಳ್ತದೆ. ಬೀಳದಿದ್ದರೇ ಸುಳ್ಳು. ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು, ನಾನು ಹೇಳಲಿಲ್ಲ. ತಪ್ಪು ನನ್ನದು.”

ಒಬ್ಬ ಮುದುಕ ಕಣ್ಣೊರೆಸಿಕೊಂಡ. “ಮಾಸ್ಟ್ರು ದೊಡ್ಡ ಮನಸ್ಸಿನವರು. ಸತ್ತವರ ಬಗ್ಗೆ ಒಳ್ಳೇದೇ ಹೇಳ್ಬೇಕಲ್ವಾ.”

“ಒಳ್ಳೇದು ಹೇಳುವುದಲ್ಲ ಇದು! ಲೆಕ್ಕ! ಮೂವತ್ತೆಂಟು ಜನರಲ್ಲಿ ಐದಾರು ಜನಕ್ಕೆ...”

“ಸರ್, ಸರ್.” ಚೆನ್ನಕೇಶವ ಹೆಗಲ ಮೇಲೆ ಕೈಯಿಟ್ಟ. ದನಿಯಲ್ಲಿ ಮರ್ಯಾದೆ ತುಂಬಿತ್ತು, ಕಣ್ಣಲ್ಲಿ ಹೆದರಿಕೆ. ಈ ಮಾತು ನಿಜವಾದರೆ ನಿನ್ನೆಯ ಚಾ ಅವನ ಕೊರಳಿಗೆ ಸುತ್ತಿಕೊಳ್ಳುತ್ತದೆ. “ನಮಗೆ ಗೊತ್ತಾಗ್ತದೆ ಸರ್ ನಿಮ್ಮ ಬೇಜಾರು. ಆದ್ರೆ ಒಂಬತ್ತು ಸಲ ಸಾಲಾಗಿ ಬೀಳುದು ಅಂದ್ರೆ... ಹಾರಿಸಿ ತೋರಿಸಿದ್ರೆ ನೋಡುವ.”

ಅದೇ ಮಾತು. ಹದಿನಾಲ್ಕು ವರ್ಷದ ಹಿಂದೆ ತಾವೇ ಆಡಿದ್ದು. ಅಷ್ಟರಲ್ಲಿ ಶೀಲಾವತಿ ಕಂಬದ ಬುಡದಿಂದ ಎದ್ದು ಬಂದು ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯವನ್ನು ಅವರ ಕೈಗೆ ಹಾಕಿದಳು. ಅಂಚು ಅಲೆಯಲೆಯಾಗಿದ್ದ ಹಳೆಯ ಒಂದಾಣೆ. ನಯಾಪೈಸೆ ಬಂದ ಮೇಲೆ ಅಂಗಡಿಯಲ್ಲಿ ಯಾರೂ ಮುಟ್ಟದ್ದು.

ಹಾರಿಸಬಾರದೆಂದು ಲೆಕ್ಕ ಬಲ್ಲ ಮಾಸ್ಟ್ರಿಗೆ ಗೊತ್ತಿತ್ತು. ಆದರೂ ಹಾರಿಸಿದರು. ಎಪ್ಪತ್ತು ಕಣ್ಣು ನಾಣ್ಯದ ಜೊತೆ ಮೇಲೆ ಹೋಗಿ ಕೆಳಗೆ ಬಂದವು.

ಬಸವ.

ನಗು ಬರಲಿಲ್ಲ, ಹೆಣದ ಮುಂದೆ ಯಾರು ನಗುತ್ತಾರೆ? ಹಿಂದಿನಿಂದ ಒಬ್ಬ ತಗ್ಗಿದ ದನಿಯಲ್ಲಿ, “ಮಾಸ್ಟ್ರೂ ಒಂಬತ್ತು ಸಿಂಹ ಹೇಳ್ಲಿಕ್ಕೆ ಶುರು ಮಾಡಿದ್ರು, ಪಾಪ, ವಯಸ್ಸಾಯ್ತು” ಎಂದದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

ಕುಕ್ಕಪ್ಪ ಗೌಡರು ಆಗ ಎದ್ದರು. ಅಷ್ಟು ಹೊತ್ತು ಮಗನ ಕಾಲ ಬುಡದಲ್ಲಿ ನೆಲ ನೋಡುತ್ತ ಕೂತಿದ್ದವರು. ಹತ್ತಿರ ಬಂದು ಮಾಸ್ಟ್ರ ಎರಡೂ ಕೈ ಹಿಡಿದುಕೊಂಡರು. ಅಪ್ಪನಿಗಾದರೂ ಅರ್ಥವಾಯಿತು ಎಂದು ಮಾಸ್ಟ್ರಿಗೆ ಜೀವ ಬಂದ ಹಾಗಾಯಿತು.

“ಮಾಸ್ಟ್ರೆ, ನೀವು ಹೇಳಿದ್ದು ನನಗೆ ಅರ್ಥ ಆಗಿದೆ” ಎಂದರು ಕುಕ್ಕಪ್ಪ ಗೌಡರು. “ನಿಮ್ಮ ಮಾತಿಗೆ ನಾನು ಅವನಿಗೆ ನಾಲ್ಕು ಜನರೆದುರು ಹೊಡ್ದೆ. ಅಲ್ಲಿಂದ ಇಲ್ಲಿವರೆಗೆ ಅವನ ಒಂದು ಮಾತನ್ನೂ ನಂಬ್ಲಿಲ್ಲ. ನಿನ್ನೆ ಇವರು ಹೋಟ್ಲಿಂದ ಆಳು ಕಳ್ಸಿದ್ರು, ನಿಮ್ಮ ಮಗ ಹಾವು ಮುಟ್ಟಿತು ಅಂತ ಹೇಳ್ತಾನೆ, ಎಂತ ಮಾಡುದು ಅಂತ. ನಾನು ಎಂತ ಹೇಳಿದೆ ಗೊತ್ತುಂಟಾ? ‘ಅವ ಹೇಳ್ತಾನೆ, ನೀವು ಕೇಳ್ಬೇಡಿ’ ಅಂದೆ. ಗಂಜಿ ಉಣ್ತಾ ಇದ್ದೆ, ಏಳ್ಲಿಲ್ಲ.”

ಹಿಡಿದ ಕೈ ಬಿಗಿಯಾಯಿತು. ಮಾಸ್ಟ್ರ ಬೆರಳು ನೋಯತೊಡಗಿತು.

“ಈಗ ಅವ ಸುಳ್ಳು ಹೇಳುವವ ಅಲ್ಲ ಅಂತಾದ್ರೆ ನಾನು ಎಲ್ಲಿಗೆ ಹೋಗ್ಲಿ? ನೀವು ಹೇಳ್ಬೇಡಿ. ಅವ ಸುಳ್ಳು ಹೇಳ್ತಿದ್ದ. ಹಾಗೆಯೇ ಇರ್ಲಿ. ನಿಮ್ಮ ದಮ್ಮಯ್ಯ, ಹಾಗೆಯೇ ಇರ್ಲಿ. ನೀವು ಗದ್ದೆಗೆ ಬರ್ಬೇಡಿ.”

ಚಟ್ಟ ಎದ್ದಿತು. ಗಂಡಸರೆಲ್ಲ ಹಿಂದೆ ಹೋದರು. ಅಬೂಬಕರ್ ಒಮ್ಮೆ ತಿರುಗಿ ನೋಡಿ ಅವರ ಹಿಂದೆಯೇ ನಡೆದ. ಮಾಸ್ಟ್ರು ಜಗಲಿಯ ಮೆಟ್ಟಿಲಲ್ಲಿ ಒಬ್ಬರೇ ಉಳಿದರು.

ನೆರೆಮನೆಯ ಹೆಂಗಸರು ಬಕೇಟಿನಲ್ಲಿ ಸೆಗಣಿ ನೀರು ಕದಡಿ ಅಂಗಳ ಸಾರಿಸತೊಡಗಿದರು. ಹೆಣ ಎತ್ತಿದ ಮನೆಯಲ್ಲಿ ಮೊದಲು ಆಗಬೇಕಾದ ಕೆಲಸ ಅದು. ಒಬ್ಬಳು ಇನ್ನೊಂದು ಬಕೇಟಿನಲ್ಲಿ ಸುಣ್ಣದ ನೀರು ಕಲಸಿ ಜಗಲಿಗೆ ಬಂದಳು. ಶೀಲಾವತಿ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡಳು. “ಈ ಗೋಡೆ ನಾನು ಮಾಡ್ತೇನೆ.”

ಮಾಸ್ಟ್ರು ಎದ್ದು ನಾಣ್ಯ ಮುಂದೆ ಹಿಡಿದರು. “ಅಮ್ಮ, ಇದು ನಿಮ್ಮದು.”

“ಇಟ್ಕೊಳ್ಳಿ. ಎಲ್ಲಿಯೂ ನಡೆಯುದಿಲ್ಲ ಅದು.”

ಅವಳು ನೆಲಕ್ಕೆ ಕೂತು ಬಟ್ಟೆಯನ್ನು ಸುಣ್ಣದಲ್ಲಿ ಅದ್ದಿ ಮೇಲಿನ ಸಾಲಿನಿಂದ ಎಳೆಯುತ್ತ ಬಂದಳು. ಮಸಿ ಕರಗಿ ಬೂದಿಯ ಬಣ್ಣದಲ್ಲಿ ಇಳಿಯಿತು. ಹತ್ತು ಸಾಲು ಹೋಯಿತು, ಇಪ್ಪತ್ತು ಹೋಯಿತು. ಐವತ್ತರ ಹತ್ತಿರ ಬಂದಾಗ ಮಾಸ್ಟ್ರಿಗೆ ತಡೆಯಲಾಗಲಿಲ್ಲ.

“ಕಡೇ ಸಾಲು ಬಿಡಮ್ಮ. ಅದೊಂದು ಇರಲಿ. ಸಾಕ್ಷಿ ಅದು.”

ಶೀಲಾವತಿ ಕೈ ನಿಲ್ಲಿಸಿದಳು. ತಿರುಗಿ ಅವರನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಮಾಸ್ಟ್ರು ತಾಳಿಕೊಳ್ಳುತ್ತಿದ್ದರು.

“ನೀವು ನೋಡ್ಲಿಕ್ಕೆ ಅಂತ ಇಟ್ಟದ್ದು ಮಾಸ್ಟ್ರೆ. ನೀವು ನೋಡಿ ಆಯ್ತಲ್ಲ.”

ಬಟ್ಟೆ ಹಿಂಡಿ ಮತ್ತೆ ಅದ್ದಿದಳು. ಎಡಗಡೆಯಿಂದ ಒಂದೊಂದೇ ಸೊನ್ನೆ ಒರೆಸುತ್ತ ಹೋದಳು. ಮಾಸ್ಟ್ರ ತುಟಿ ತನ್ನಷ್ಟಕ್ಕೆ ಅಲುಗುತ್ತಿತ್ತು. ಆರು, ಏಳು, ಎಂಟು. ಗದ್ದೆಯ ಆಚೆ ಹೊಗೆ ಎದ್ದಿತು. ಗೋಡೆ ಒದ್ದೆಯಾಗಿ, ಬೆಳ್ಳಗೆ, ಏನೂ ಬರೆಯದ ಪಟ್ಟಿಯಂತೆ ನಿಂತಿತ್ತು.